ಓಗೊಡದವರು

ಸೆಲೆನಾಡಿನಲ್ಲಿ ಯಾರೂ ಮೊದಲ ಕರೆಗೆ ಓಗೊಡುವುದಿಲ್ಲ. ಎರಡನೆಯ ಕರೆಗೂ ಇಲ್ಲ. ಅದು ಬಂಡೆಗಳ ನಾಡು, ಬಂಡೆಗಳ ನಡುವೆ ಕಣಿವೆಗಳ ನಾಡು, ಕಣಿವೆಗಳ ಮೇಲೆ ಬೆಳಗಿನಿಂದ ಬೈಗಿನವರೆಗೆ ಮಂಜು ಮಲಗಿರುವ ನಾಡು. ಅಲ್ಲಿ ಮೊದಲ ಕರೆ ಕಣಿವೆಯದು. ಬಾಯಿ ತೆರೆದುಕೊಂಡು ಸುಮ್ಮನೆ ಬಿದ್ದಿರುವ ಕಣಿವೆಗೆ ಬೇರೆ ಕೆಲಸವಿಲ್ಲ, ಹೋಗಿ ಬರುವವರ ಹೆಸರು ಹಿಡಿದು ಕರೆಯುತ್ತಿರುತ್ತದೆ. ಎರಡನೆಯ ಕರೆ ಸಾವಿನದು. ಸಾವಿಗೆ ಅವಸರ ಹೆಚ್ಚು, ಎಷ್ಟೋ ಮನೆ ತಿರುಗಬೇಕು, ಒಂದೇ ಬಾಗಿಲಲ್ಲಿ ಮತ್ತೆ ನಿಂತು ಕರೆಯುವಷ್ಟು ಪುರುಸೊತ್ತಿಲ್ಲ. ಮೂರನೆಯ ಸಲ ಕರೆಯುವವರು ಮನುಷ್ಯರು ಮಾತ್ರ. ಅದೂ ನೀನು ಅವರಿಗೆ ನಿಜವಾಗಿ ಬೇಕಾಗಿದ್ದರೆ ಮಾತ್ರ. ಆದ್ದರಿಂದ ಸೆಲೆನಾಡಿನಲ್ಲಿ ತಾಯಿ ಮಗುವನ್ನು ಊಟಕ್ಕೆ ಮೂರು ಸಲ ಕರೆಯುತ್ತಾಳೆ. ಗಂಡ ಹೆಂಡತಿಯನ್ನು ಮೂರು ಸಲ ಕರೆಯುತ್ತಾನೆ. ಎರಡೇ ಸಲ ಕರೆದು ಸುಮ್ಮನಾದರೆ ಆ ಮನೆಯಲ್ಲಿ ಏನೋ ಸರಿಯಿಲ್ಲ ಎಂದು ನೆರೆಯವರು ಮಾತಾಡಿಕೊಳ್ಳುತ್ತಾರೆ.

ಓಟಗಾರ್ತಿಗೆ ಇದನ್ನು ಯಾರೂ ಬಾಯಿಬಿಟ್ಟು ಕಲಿಸಬೇಕಾಗಿರಲಿಲ್ಲ. ಅವಳಿಗೊಬ್ಬ ಅಕ್ಕ ಇದ್ದಳು. ಒಂದು ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋಗುವಾಗ ಮಂಜಿನೊಳಗಿಂದ ಯಾರೋ ಅಕ್ಕನ ಹೆಸರು ಕರೆದರು. ಅಕ್ಕನ ಮನಸ್ಸು ಎಲ್ಲೋ ಇತ್ತು. ಮೊದಲ ಕರೆಗೇ ಓ ಎಂದು ಒಂದು ಹೆಜ್ಜೆ ಮುಂದಿಟ್ಟಳು. ಆ ಹೆಜ್ಜೆಗೆ ನೆಲ ಇರಲಿಲ್ಲ. ತಂಗಿ ಹಿಂದೆ ನಿಂತು ನೋಡಿದ್ದಳು. ಆಮೇಲೆ ಅವಳು ಈ ಬಂಡೆಯ ಸುದ್ದಿಯನ್ನು ಆ ಬಂಡೆಗೆ ಮುಟ್ಟಿಸುವ ಓಟಗಾರ್ತಿಯಾದಳು. ಮಂಜಿನಲ್ಲೂ ನೆಲ ಎಲ್ಲಿ ಮುಗಿಯುತ್ತದೆಂದು ಅವಳ ಪಾದಗಳಿಗೆ ಗೊತ್ತಿರುತ್ತಿತ್ತು.

ನಾಡು ಎಂದೆನಲ್ಲ, ಅದು ದೊಡ್ಡ ಮಾತಾಯಿತು. ಸೆಲೆನಾಡಿನ ಈ ತುದಿಯಲ್ಲಿ ಒಲೆ ಹಚ್ಚಿದರೆ, ಇಲ್ಲಿ ಹಿಟ್ಟು ಬೇಯುವುದರೊಳಗೆ ಹೊಗೆ ಆ ತುದಿ ಮುಟ್ಟಿರುತ್ತಿತ್ತು. ಅವರ ಬಳಿ ಇದ್ದದ್ದು ಬಂಡೆ, ಕುರಿ, ಕಂಬಳಿ, ಮತ್ತೆ ಒಂದು ನೀರಿನ ಸೆಲೆ. ಆ ಸೆಲೆಯ ನೀರು ಕೆಳಗಿಳಿದು ಹೊಳೆಯಾಗಿ ದೊಡ್ಡನಾಡಿಗೆ ಹರಿಯುತ್ತಿತ್ತು. ಹೊಳೆ ತಮ್ಮದು, ಹೊಳೆ ಹುಟ್ಟುವ ಕಲ್ಲು ಮಾತ್ರ ಇನ್ಯಾರದೋ ಎಂಬುದು ದೊಡ್ಡನಾಡಿನವರಿಗೆ ಬಹಳ ಕಾಲದಿಂದ ಕಣ್ಣಿಗೆ ಬಿದ್ದ ಕಸವಾಗಿತ್ತು.

ಇಂಥ ಸೆಲೆನಾಡಿಗೂ ಒಂದು ದಿನ ಓಲೆ ಬಂತು. ನಾಡುನಾಡುಗಳು ಒಂದು ಕಡೆ ಸೇರಿ ಓಡುವ, ಜಿಗಿಯುವ, ಕಲ್ಲೆತ್ತುವ ಕೂಟಗಳು ಆಗಿನ್ನೂ ಎಳೆಯವು. ಎರಡು ನಡೆದಿದ್ದವೋ ಮೂರು ನಡೆದಿದ್ದವೋ, ಅಷ್ಟೆ. ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂಬುದು ಕೂಟದ ಊರಿನವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿದ್ದರೆ ಕರೆಯುತ್ತಿರಲಿಲ್ಲವೇನೋ. ಓಲೆಯ ಕೊನೆಯಲ್ಲಿ ಒಂದು ಸಾಲು ಇತ್ತು. ನಾಡಿನ ಹೆಸರು ಕರೆದಾಗ ಆ ನಾಡಿನವರೊಬ್ಬರು ಓಗೊಡತಕ್ಕದ್ದು.

ಓಲೆ ಓದಿಸಿಕೊಂಡ ಮುದುಕ ನಕ್ಕ. ಸೆಲೆನಾಡಿಗೆ ದೊರೆ ಇರಲಿಲ್ಲ, ಆ ಮುದುಕ ಇದ್ದ, ಅವನನ್ನು ಎಲ್ಲರೂ ತಾತ ಎನ್ನುತ್ತಿದ್ದರು.

"ಕರೆದ್ರೆ ಓ ಅನ್ಬೇಕಂತೆ. ಇಷ್ಟನ್ನೂ ಬರೆದು ತಿಳಿಸ್ಬೇಕಾ? ಆ ಊರಿಗೆ ಮರ್ಯಾದೆ ಗೊತ್ತಿಲ್ಲದೋರೇ ಜಾಸ್ತಿ ಬರ್ತಾರೆ ಅಂತ ಕಾಣುತ್ತೆ."

ನಾಲ್ಕು ಜನ ಹೊರಟರು. ತಾತ, ಕಲ್ಲೆತ್ತುವವನು, ಜಿಗಿಯುವವಳು, ಓಟಗಾರ್ತಿ. ಹುರಿಹಿಟ್ಟು, ಬೆಲ್ಲ, ಒಂದೊಂದು ಕಂಬಳಿ ಕಟ್ಟಿಕೊಂಡರು. ಓಗೊಡುವ ಕೆಲಸವನ್ನು ತಾತ ಓಟಗಾರ್ತಿಗೆ ಕೊಟ್ಟ. ನಿನ್ನ ಉಸಿರು ಉದ್ದ ಕಣಮ್ಮ, ನೀನೇ ಅನ್ನು ಎಂದ. ಹನ್ನೊಂದು ದಿನದ ದಾರಿಯುದ್ದಕ್ಕೂ ಅವಳು ಒಂದು ಓ ಅನ್ನು ಹದ ಮಾಡಿದಳು. ಒಂದು ಸಲ ಗತ್ತಿನಿಂದ, ಒಂದು ಸಲ ಮೆಲ್ಲಗೆ, ಒಂದು ಸಲ ಎಳೆದು. ದಾರಿಹೋಕರು ಇವಳಿಗೆ ಹೊಟ್ಟೆನೋವಿರಬೇಕು ಎಂದುಕೊಂಡರು.

ಈಗ ಕೂಟದ ಊರಿನ ಕಟ್ಟಳೆಯನ್ನು ಹೇಳಬೇಕು. ಆ ಊರಿನಲ್ಲಿ ಯಾವ ಹೆಸರನ್ನೂ ಒಂದೇ ಸಲ ಕರೆಯಬೇಕು. ಕೋಟೆಯ ಮುಂದೆ ಬಯಲು, ಬಯಲಿನ ನಡುವೆ ಒಂದು ಗೋಪುರ, ಗೋಪುರದ ಮೇಲೆ ಸಾರುವಯ್ಯ, ಗೋಪುರದ ಬುಡದಲ್ಲಿ ಒಂದು ಕರಿ ಹಲಗೆ. ಹಲಗೆಯ ಮೇಲೆ ನಾಡುಗಳ ಹೆಸರುಗಳನ್ನು ಬಳಪದಲ್ಲಿ ಬರೆದಿರುತ್ತಾರೆ. ಸಾರುವಯ್ಯ ಕರೆಯುತ್ತಾನೆ. ಓಗೊಟ್ಟ ನಾಡು ಇದೆ. ಓಗೊಡದ ನಾಡು ಇಲ್ಲ. ಒಬ್ಬ ಒದ್ದೆಬಟ್ಟೆಯವನು ಎದ್ದು ಬಂದು ಆ ಹೆಸರನ್ನು ಒರಸಿಬಿಡುತ್ತಾನೆ. ಒರಸಿದ ಮೇಲೆ ಆ ನಾಡಿನವರನ್ನು ಯಾರೂ ನೋಡುವಂತಿಲ್ಲ, ನೋಡಿದರೂ ಕಂಡೆ ಎನ್ನುವಂತಿಲ್ಲ. ಏಳನೆಯ ದಿನ, ಸೂರ್ಯ ಮುಳುಗುವ ಮುಂಚೆ, ಕೊನೆಯ ಓಟ ಗೆದ್ದ ನಾಡಿನ ಹೆಸರನ್ನು ಕರೆಯಬೇಕು, ಗೆದ್ದವರೇ ಓಗೊಡಬೇಕು, ಆಮೇಲೆ ಹಲಗೆಯನ್ನು ಗೋಪುರದೊಳಗೆ ಒಯ್ದು ಬಾಗಿಲು ಹಾಕಬೇಕು. ಮುಂದಿನ ಕೂಟದವರೆಗೆ ಹಲಗೆಯ ಮೇಲೆ ಇದ್ದದ್ದೇ ಭೂಮಿ. ಹೆಸರು ಹೋದ ನೆಲ ಪಕ್ಕದ ಹೆಸರಿಗೆ ಸೇರುತ್ತದೆ.

ಮೊದಲ ದಿನ ಬೆಳಿಗ್ಗೆ ಬಯಲು ತುಂಬಿತ್ತು. ಸಾರುವಯ್ಯ ಮುದುಕ, ಎತ್ತರದ ಆಳು. ಹೆಸರುಗಳನ್ನು ಕರೆದು ಕರೆದು ಬೇರೆ ಮಾತನ್ನೇ ಮರೆತವನು ಎಂದು ಅವನ ಬಗ್ಗೆ ಹೇಳುತ್ತಿದ್ದರು. ಅವನು ಕರೆದ. ಒಂದೊಂದೇ ನಾಡು ಓಗೊಟ್ಟಿತು. ದೊಡ್ಡನಾಡು ಎಂದು ಕರೆದಾಗ ನೂರಿಪ್ಪತ್ತು ಜನ ಒಟ್ಟಿಗೆ ಓ ಎಂದರು, ಬಯಲಿನ ಧೂಳು ಎದ್ದಿತು. ಆಮೇಲೆ ಅವನು ಕರೆದ.

"ಸೆಲೆನಾಡು."

ಓಟಗಾರ್ತಿಯ ಎದೆ ಹಿಗ್ಗಿತು. ಅಷ್ಟು ದೂರದ ಊರಿನಲ್ಲಿ, ಅಷ್ಟು ಜನರ ನಡುವೆ, ತಮ್ಮ ನಾಡಿನ ಹೆಸರು. ಅವಳು ನೆಟ್ಟಗೆ ನಿಂತಳು, ಉಸಿರು ತುಂಬಿಕೊಂಡಳು, ತುಟಿ ಬಿಗಿದುಕೊಂಡಳು, ಎರಡನೆಯ ಕರೆಗೆ ಕಾದಳು. ಪಕ್ಕದಲ್ಲಿ ತಾತ ಕಣ್ಣು ಮುಚ್ಚಿ ಮೆಚ್ಚುಗೆಯಿಂದ ತಲೆಯಾಡಿಸುತ್ತಿದ್ದ. ಮೊದಲನೆಯದು ಚೆನ್ನಾಗಿ ಕರೆದ ಎಂಬಂತೆ.

ಸಾರುವಯ್ಯ ಒಂದು ಉಸಿರಿನಷ್ಟು ಕಾದ. ಒದ್ದೆಬಟ್ಟೆಯವನು ಎದ್ದ, ಒರಸಿದ, ಕೂತ. ಸಾರುವಯ್ಯ ಮುಂದಿನ ಹೆಸರು ಕರೆದ. ಓಟಗಾರ್ತಿ ಇನ್ನೂ ಉಸಿರು ಹಿಡಿದುಕೊಂಡೇ ನಿಂತಿದ್ದಳು.

ಏನಾಯಿತೆಂದು ಗೊತ್ತಾಗಲು ಅವರಿಗೆ ಮಧ್ಯಾಹ್ನವಾಯಿತು. ಊಟದ ಸಾಲಿನಲ್ಲಿ ಕೂತರೆ ಬಡಿಸುವವನು ಅವರನ್ನು ದಾಟಿ ಹೋದ. ತಾತ ಎಲೆ ಎತ್ತಿ ಹಿಡಿದ, ಬಡಿಸುವವನು ಎಲೆಯ ಆಚೆಗಿನ ಆಕಾಶ ನೋಡಿದ. ತಾತ ಕರಣಿಕನ ಬಳಿ ಹೋಗಿ ಅಯ್ಯಾ, ಇನ್ನೆರಡು ಕರೆ ಯಾವಾಗ ಎಂದು ಕೇಳಿದ. ಕರಣಿಕ ತನ್ನ ಪಕ್ಕದವನಿಗೆ ಇವತ್ತು ಗಾಳಿಯ ಸದ್ದು ಜಾಸ್ತಿ ಎಂದ. ಕೊನೆಗೆ ಕಸ ಗುಡಿಸುವ ಹೆಂಗಸೊಬ್ಬಳು ಪೊರಕೆಗೆ ಹೇಳಿಕೊಳ್ಳುವವಳ ಹಾಗೆ ಕಟ್ಟಳೆಯನ್ನೆಲ್ಲ ಹೇಳಿಕೊಂಡು, ಅವರ ಕಡೆ ತಿರುಗದೆ, ಗುಡಿಸುತ್ತ ಹೋದಳು.

ಅವರಿಗೆ ಕೊಟ್ಟಿದ್ದ ಡೇರೆಯನ್ನು ಕಿತ್ತುಕೊಳ್ಳಲಿಲ್ಲ. ಕಿತ್ತುಕೊಳ್ಳಬೇಕಾದರೆ ಒಳಗೆ ಯಾರೋ ಇದ್ದಾರೆ ಎಂದು ಒಪ್ಪಬೇಕಾಗುತ್ತಿತ್ತು.

"ಒಂದು ಓ ಅಂದಿದ್ರೆ ನಿನ್ ಗಂಟೇನು ಹೋಗ್ತಿತ್ತು?" ಎಂದ ಕಲ್ಲೆತ್ತುವವನು. "ಒಂದೇ ಒಂದು ಓ. ನಾಡೇ ಹೋಯ್ತಲ್ಲ."

"ನೀನು ಅಂತಿದ್ಯಾ ಅಣ್ಣ? ಮೊದಲ್ನೇ ಕರೆಗೆ?"

ಎರಡು ಹೆಗಲಿಗೆ ಎರಡು ಆಡು ಹೊತ್ತು ಬಂಡೆ ಹತ್ತುವ ಗಂಡಸು ಅವನು, ಅವನಿಗೂ ಮೊದಲ ಕರೆಯೆಂದರೆ ಬೆನ್ನಿನಲ್ಲಿ ತಣ್ಣಗಾಗುತ್ತಿತ್ತು. ಆದರೂ ಓಟಗಾರ್ತಿಗೆ ಆ ಮಾತು ಚುಚ್ಚಿತು. ಓಗೊಡಬೇಕಾದವಳು ಅವಳು. ಓಗೊಡದೆ ನಿಂತವಳು ಅವಳು. ಊರಿಗೆ ಮರಳಿದರೆ ಯಾವ ಊರಿಗೆ ಎಂದು ಹೇಳಿಕೊಳ್ಳಬೇಕು? ಏಳನೆಯ ದಿನ ಸಂಜೆ ಆ ಸೆಲೆ, ಆ ಬಂಡೆ, ಅಕ್ಕ ಬಿದ್ದ ಆ ಕಣಿವೆ, ಎಲ್ಲ ದೊಡ್ಡನಾಡಿನದಾಗುತ್ತದೆ. ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ನಾವು ತಪ್ಪಾಗಿ ನಿಂತಿರಲಿಲ್ಲ ಎಂದುಕೊಂಡಳು. ಕರೆದವರೇ ಅರ್ಧ ಕರೆದು ಬಿಟ್ಟರು.

ಎರಡನೆಯ ದಿನ ದೊಡ್ಡನಾಡಿನ ದಳವಾಯಿ ಡೇರೆಗೆ ಬಂದ. ಅವನ ಹಿಂದೆ ಒಬ್ಬ ಆಳು ನಾಲ್ಕು ಕೆಂಪು ಅಂಗಿಗಳನ್ನು ಹೊತ್ತುಕೊಂಡಿದ್ದ. ಕಟ್ಟಳೆಯ ಪ್ರಕಾರ ದಳವಾಯಿಗೂ ಅವರು ಕಾಣಿಸುವಂತಿರಲಿಲ್ಲ. ಅವನು ಡೇರೆಯ ನಡುಗಂಬದ ಮುಂದೆ ನಿಂತು ಕಂಬದೊಡನೆ ಮಾತಾಡಿದ.

"ಈ ಕಂಬಕ್ಕೆ ಕಿವಿ ಇದ್ದಿದ್ದರೆ ಒಂದು ಮಾತು ಹೇಳುತ್ತಿದ್ದೆ. ಹೆಸರು ಕಳೆದುಕೊಂಡವರು ಹಸಿದು ಕೂರುವುದು ಯಾಕೆ? ನಮ್ಮ ಅಂಗಿ ತೊಟ್ಟುಕೊಳ್ಳಲಿ. ನಮ್ಮ ಹೆಸರು ಕರೆದಾಗ ಓ ಅನ್ನಲಿ. ಊಟ ಸಿಗುತ್ತದೆ, ನೀರು ಸಿಗುತ್ತದೆ, ಗೆದ್ದರೆ ಕೊರಳಿಗೆ ಹಾರ ಬೀಳುತ್ತದೆ. ಹೇಗಿದ್ದರೂ ಏಳನೆಯ ದಿನ ಆ ನೆಲ ನಮ್ಮದೇ. ಐದು ದಿನ ಮುಂಚೆ ನಮ್ಮವರಾದರೆ ತಪ್ಪೇನು?"

ತಾತ ಎದ್ದು ಕಂಬದ ಈ ಕಡೆ ಬಂದು ನಿಂತ.

"ಕಂಬಪ್ಪ, ಯಾರೋ ಮಾತಾಡಿದ ಹಂಗಾಯ್ತು. ಅವರಿಗೊಂದು ಮಾತು ಮುಟ್ಟಿಸ್ಬಿಡು. ಹೊಳೆಗೆ ಹೆಸರಿಟ್ಟೋರು ಅವರು, ನೀರು ಬಿಟ್ಟೋರು ನಾವು. ಅವರ ಅಂಗಿ ನಮಗೆ ಬಿಗಿಯಾಗುತ್ತೆ."

ದಳವಾಯಿ ಕಂಬಕ್ಕೆ ಒಂದು ನಗು ಕೊಟ್ಟು, ಅಂಗಿಗಳನ್ನು ಅಲ್ಲೇ ಇಡಿಸಿ ಹೋದ. ಕಲ್ಲೆತ್ತುವವನು ಒಂದು ಅಂಗಿಯನ್ನು ಎತ್ತಿಕೊಂಡ. ಬಟ್ಟೆಯನ್ನು ಬೆರಳಿನಲ್ಲಿ ಸವರಿ ನೋಡಿದ. ನಿನ್ನೆಯಿಂದ ಅವನು ಒಂದು ಹಿಡಿ ಹಿಟ್ಟಿನಲ್ಲಿದ್ದ. ಓಟಗಾರ್ತಿ ಅವನನ್ನೇ ನೋಡುತ್ತಿದ್ದಳು, ಬೇಡ ಎನ್ನಲು ಬಾಯಿ ಬರಲಿಲ್ಲ, ನಾಡನ್ನು ಕಳೆದವಳು ಇನ್ನೊಬ್ಬರಿಗೆ ಏನು ಹೇಳುವುದು. ಅವನು ಅಂಗಿಯನ್ನು ಪರ್ರನೆ ಎರಡಾಗಿ ಸೀಳಿ ಎರಡು ಅಂಗೈಗೂ ಸುತ್ತಿಕೊಂಡ.

"ನಾಳೆ ಕಲ್ಲು ಜಾರಲ್ಲ," ಎಂದ.

ಮರುದಿನ ಅವನು ಕಲ್ಲಿನ ಕಣಕ್ಕೆ ಹೋದ. ಕಾವಲಿನವರು ತಡೆಯಲಿಲ್ಲ. ಕಾಣದವನನ್ನು ತಡೆಯುವುದು ಹೇಗೆ? ಎಲ್ಲರೂ ಎತ್ತಿ ಸೋತ ಮೇಲೆ ಉಳಿದಿದ್ದ ದೊಡ್ಡ ಗುಂಡುಕಲ್ಲನ್ನು ಅವನು ಮಂಡಿಗೆ ತಂದ, ಎದೆಗೆ ತಂದ, ತಲೆಯ ಮೇಲಕ್ಕೆ ಎತ್ತಿ ಹಿಡಿದು ನಿಂತ. ತೀರ್ಪುಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಬರೆದರು. ಗಾಳಿ ಜೋರಾಗಿತ್ತು, ಕಲ್ಲು ತಾನಾಗಿ ಮೇಲೆದ್ದಿತು.

ಐದನೆಯ ದಿನ ಜಿಗಿಯುವವಳು ಜಿಗಿದಳು. ಎಲ್ಲರ ಗುರುತನ್ನೂ ದಾಟಿ, ಮರಳಿನ ಆಚೆ, ಹುಲ್ಲಿನ ಮೇಲೆ ಇಳಿದಳು. ತೀರ್ಪುಗಾರರು ಬರೆದರು. ಒಂದು ಹಕ್ಕಿ ಹಾದುಹೋಯಿತು.

ಆ ಸಂಜೆ ಡೇರೆಯಲ್ಲಿ ನಾಲ್ವರೂ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಗಾಳಿಯಣ್ಣ ಹಿಟ್ಟು ಕಲಸು, ಹಕ್ಕಿಯಮ್ಮ ಬೆಲ್ಲ ಕುಟ್ಟು ಎಂದು ತಾತ ಕೀಟಲೆ ಮಾಡಿದ. ನಗುನಗುತ್ತಲೇ ಕಲ್ಲೆತ್ತುವವನು ಅಳತೊಡಗಿದ. ಅಷ್ಟು ದೊಡ್ಡ ಕಲ್ಲು, ಅಷ್ಟು ಜನ, ಒಬ್ಬನೂ ನೋಡಲಿಲ್ಲ ಎಂದ. ಓಟಗಾರ್ತಿ ಅವನ ಬೆನ್ನಿನ ಮೇಲೆ ಕೈಯಿಟ್ಟು ಕೂತಳು. ನಾಳಿದ್ದು ಅವಳ ಓಟ. ಅವಳನ್ನು ಏನೆಂದು ಬರೆಯುತ್ತಾರೋ, ಧೂಳು ಎಂದೋ ನೆರಳು ಎಂದೋ. ಬರೆದುಕೊಳ್ಳಲಿ ಎಂದುಕೊಂಡಳು, ಆದರೆ ಧೂಳು ಮೊದಲು ಬಂತು ಎಂದು ಬರೆಯಬೇಕು.

ಆರನೆಯ ದಿನ ಬೆಳಿಗ್ಗೆ ಅವಳು ಬಾವಿಯಲ್ಲಿ ನೀರು ಸೇದುತ್ತಿದ್ದಾಗ ದೊಡ್ಡನಾಡಿನ ಓಟಗಾರ ಬಂದ. ಸಣಕಲು ಮೈಯ ಹುಡುಗನಲ್ಲ, ಮೂವತ್ತು ದಾಟಿದ ಗಂಡಸು. ಅಂಗಿಯಿಲ್ಲದ ಬೆನ್ನಿನ ಮೇಲೆ ಹಳೆಯ ಬಾಸುಂಡೆಗಳ ಗೆರೆ. ಅವನು ಅವಳನ್ನು ನೇರವಾಗಿ ನೋಡಿದ.

"ನೀನು ನನ್ನ ನೋಡ್ಬಾರ್ದು," ಎಂದಳು.

"ಗೊತ್ತು. ಆದ್ರೆ ದಿನಾ ಬೆಳಿಗ್ಗೆ ಕೋಟೆ ಸುತ್ತ ನನ್ನ ಮುಂದೆ ಓಡ್ತೀಯ. ಬೆನ್ನು ನೋಡದೆ ಹೆಂಗಿರೋದು?"

ಅವಳಿಗೆ ನಗು ಬಂತು. ಐದು ದಿನದಿಂದ ಹೊರಗಿನವರೊಬ್ಬರು ಅವಳ ಜೊತೆ ಮಾತಾಡಿದ್ದು ಅದೇ ಮೊದಲು.

"ಆವತ್ತು ಯಾಕೆ ಓ ಅನ್ಲಿಲ್ಲ?" ಎಂದು ಕೇಳಿದ.

ಅವಳು ಹೇಳಿದಳು. ಕಣಿವೆಯ ಕರೆ, ಸಾವಿನ ಕರೆ, ಮನುಷ್ಯರ ಕರೆ. ಅಕ್ಕನ ವಿಷಯವನ್ನೂ ಹೇಳಿದಳು. ಅವನು ಬಾವಿಯ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡ.

"ನಮ್ಮಲ್ಲಿ ಎರಡನೇ ಸಲ ಕರೆಸಿಕೊಂಡ್ರೆ ಚಾಟಿ," ಎಂದ. "ಚಿಕ್ಕೋನಿದ್ದಾಗ ಒಂದ್ಸಲ ನಂಗೆ ಕೇಳಿಸ್ಲಿಲ್ಲ. ಅದಾದ್ಮೇಲೆ ಬಾಯಿ ತಾನಾಗೇ ಓ ಅನ್ನುತ್ತೆ. ನಿದ್ದೇಲೂ ಅನ್ನುತ್ತೆ. ಯಾರು ಕರೆದ್ರು, ಯಾಕೆ ಕರೆದ್ರು ಅಂತ ನೋಡೋದೇ ಇಲ್ಲ." ಎದ್ದು ತನ್ನ ಕೊಡಕ್ಕೆ ನೀರು ಸೇದುತ್ತ ಕೇಳಿದ. "ಮೂರು ಸಲ ಕರೆಸಿಕೊಂಡ್ರೆ ಹೆಂಗಿರುತ್ತೆ?"

ಸೆಲೆನಾಡಿನಲ್ಲಿ ಯಾರೂ ಅವಳನ್ನು ಇದನ್ನು ಕೇಳಿರಲಿಲ್ಲ. ಅಲ್ಲಿ ಎಲ್ಲರಿಗೂ ಗೊತ್ತಿತ್ತು.

"ಅವಸರ ಇಲ್ಲ ಅನ್ಸುತ್ತೆ," ಎಂದಳು. ಸರಿಯಾಗಿ ಹೇಳಲಿಲ್ಲವೆಂದು ಅವಳಿಗೇ ಗೊತ್ತಾಯಿತು. ಅವನು ಕೊಡ ಎತ್ತಿಕೊಂಡು ಹೋದ.

ಏಳನೆಯ ದಿನದ ಓಟ ಕೋಟೆಗೋಡೆಯ ಸುತ್ತ ಏಳು ಸುತ್ತು. ದೂರದ ಓಟಕ್ಕೆ ಹೆಣ್ಣು ಬೇರೆ ಗಂಡು ಬೇರೆ ಎಂಬ ಬುದ್ಧಿ ಆಗಿನ್ನೂ ಯಾರಿಗೂ ಬಂದಿರಲಿಲ್ಲ. ನಗಾರಿ ಬಡಿದಾಗ ಅವಳು ಸಾಲಿನ ಕೊನೆಯಲ್ಲಿ, ಗೆರೆಯ ಮೇಲೆ ಅರ್ಧ, ಗೆರೆಯ ಆಚೆ ಅರ್ಧ ನಿಂತಿದ್ದಳು. ಓಡಿದಳು. ಮೊದಲ ಸುತ್ತಿನಲ್ಲಿ ಹಿಂದೆ ಇದ್ದಳು. ಎರಡನೆಯ ಸುತ್ತಿನಲ್ಲಿ ನಡುವೆ ಬಂದಳು. ದಾರಿಯ ಬದಿಯಲ್ಲಿ ನೀರು ಹಿಡಿದು ನಿಂತವರು ಅವಳು ಹತ್ತಿರ ಬಂದಾಗ ತಂಬಿಗೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಕಾಣದವಳು ಬಂದದ್ದು ಅವರಿಗೆ ಹೇಗೆ ಗೊತ್ತಾಯಿತೋ. ನಾಲ್ಕನೆಯ ಸುತ್ತಿನಲ್ಲಿ ಅವಳ ನಾಲಿಗೆ ಅಂಗುಳಿಗೆ ಅಂಟಿತು. ಐದನೆಯ ಸುತ್ತಿನಲ್ಲಿ ಮುಂದೆ ಮೂವರು ಉಳಿದರು, ಆರನೆಯದರಲ್ಲಿ ಒಬ್ಬ. ಅವನ ಬರಿಬೆನ್ನಿನ ಬಾಸುಂಡೆಗಳು ಬೆವರಿನಲ್ಲಿ ಮಿನುಗುತ್ತಿದ್ದವು. ಈಗ ಬೆನ್ನು ನೋಡುವ ಸರದಿ ಅವಳದು.

ಏಳನೆಯ ಸುತ್ತಿನಲ್ಲಿ ಇಬ್ಬರೂ ಜೊತೆಯಾಗಿ ಓಡಿದರು. ಅವನು ಬಿಟ್ಟುಕೊಡಲಿಲ್ಲ, ಅವಳಿಗೂ ಅದು ಬೇಕಿರಲಿಲ್ಲ. ಕೊನೆಯ ತಿರುವಿನಲ್ಲಿ ನೆಲ ಇಳಿಜಾರು. ಇಳಿಜಾರಿನಲ್ಲಿ ಎಲ್ಲರ ಪಾದವೂ ಹೆದರಿ ಹಿಂಜಗ್ಗುತ್ತದೆ, ಅವಳ ಪಾದ ಹೆದರುವುದನ್ನು ಬಹಳ ಹಿಂದೆಯೇ ಬಿಟ್ಟಿತ್ತು. ಅಲ್ಲಿ ಒಂದು ತೋಳಿನಷ್ಟು ಮುಂದಾದಳು. ಗೆರೆ ಮುಟ್ಟುವಾಗಲೂ ಒಂದು ತೋಳಿನಷ್ಟು ಮುಂದಿದ್ದಳು.

ಬಯಲಿನಲ್ಲಿ ಯಾರೂ ಕೂಗಲಿಲ್ಲ. ಸಾವಿರಾರು ಜನ ಕಂಡಿದ್ದರು, ಸಾವಿರಾರು ಜನ ಕಂಡಿರಲಿಲ್ಲ. ಸೂರ್ಯ ಕೋಟೆಯ ಮೇಲೆ ಒಂದು ಮಾರು ಉಳಿದಿತ್ತು. ಸಾರುವಯ್ಯ ಗೋಪುರದ ಮೇಲಿಂದ ಗೆರೆಯನ್ನು ನೋಡಿದ. ಅವಳನ್ನು ನೋಡಿದ. ನೋಟವನ್ನು ಪಕ್ಕಕ್ಕೆ ಸರಿಸಿಕೊಂಡು ಕರೆದ.

"ದೊಡ್ಡನಾಡು."

ನೂರಿಪ್ಪತ್ತು ಜನ ಬಾಯಿ ತೆರೆದರು, ಆದರೆ ಕಟ್ಟಳೆಯ ಪ್ರಕಾರ ಗೆದ್ದವನೇ ಓಗೊಡಬೇಕು. ಎಲ್ಲರೂ ಓಟಗಾರನ ಕಡೆ ನೋಡಿದರು. ಅವನು ಮಂಡಿಯ ಮೇಲೆ ಕೈಯೂರಿ ಬಗ್ಗಿ ನಿಂತಿದ್ದ. ಓಟಗಾರ್ತಿಗೆ ಅವನ ಮುಖ ಕಾಣುತ್ತಿತ್ತು. ತುಟಿ ತಾನಾಗಿ ದುಂಡಗಾಯಿತು. ಅವನು ಎರಡು ಕೈಯಿಂದ ಬಾಯಿ ಮುಚ್ಚಿಕೊಂಡ.

ಒಂದು ಉಸಿರು ಕಳೆಯಿತು.

"ಓ ಅನ್ನೋ," ಎಂದ ದಳವಾಯಿ. "ಏನೋ ಬಂತು ನಿನಗೆ? ಓ ಅನ್ನು."

ಓಟಗಾರ ಕೈ ತೆಗೆದ. "ನಾನು ಎರಡನೆಯವನು," ಎಂದ. "ಅದು ನನ್ನ ಕರೆ ಅಲ್ಲ."

ಒದ್ದೆಬಟ್ಟೆಯವನಿಗೆ ರಾಜಕೀಯ ಗೊತ್ತಿರಲಿಲ್ಲ. ಓಗೊಡದ ಹೆಸರನ್ನು ಒರಸುವುದು ಅವನ ಕೆಲಸ. ದೊಡ್ಡನಾಡಿನ ಹೆಸರು ಹಲಗೆಯ ಮೇಲ್ತುದಿಯಲ್ಲಿ ದಪ್ಪ ಅಕ್ಷರದಲ್ಲಿ ಇತ್ತು, ಅವನು ಏಣಿ ತಂದು ನಿಲ್ಲಿಸಿದ, ಹತ್ತಿದ, ಬಟ್ಟೆ ಹಿಂಡಿಕೊಂಡು ಒರಸತೊಡಗಿದ. ದಳವಾಯಿ ಓಡಿಬಂದು ಏಣಿ ಹಿಡಿದು ಅಲ್ಲಾಡಿಸುವಷ್ಟರಲ್ಲಿ ಹೆಸರಿನ ಮೊದಲರ್ಧ ಹೋಗಿತ್ತು. ದೊಡ್ಡ ಹೋಗಿತ್ತು, ನಾಡು ಉಳಿದಿತ್ತು.

"ನಿಲ್ಲಿಸಿ," ಎಂದ ದಳವಾಯಿ. ಅವನ ದನಿ ಒಡೆದಿತ್ತು. "ಸಾರುವಯ್ಯ, ಇನ್ನೊಂದು ಸಲ ಕರೆಯಿರಿ."

ಸಾರುವಯ್ಯ ಗೋಪುರದ ಮೇಲಿಂದ ಬಗ್ಗಿ ನೋಡಿದ. "ನನ್ನ ಬಾಯಿಂದ ಒಂದು ಹೆಸರು ಎರಡು ಸಲ ಬಂದಿಲ್ಲ."

"ಬರಲಿ. ಇದು ಯಾವುದೋ ಬಂಡೆಯ ನಾಡಲ್ಲ. ಇದು ದೊಡ್ಡನಾಡು. ಕರೆಯಿರಿ."

ಸಾರುವಯ್ಯ ಅವಮಾನದಿಂದ ಕಣ್ಣು ಮುಚ್ಚಿಕೊಂಡು ಎರಡನೆಯ ಸಲ ಕರೆದ. ದೊಡ್ಡನಾಡು. ಓಟಗಾರ ಮತ್ತೆ ಸುಮ್ಮನಿದ್ದ. ಆ ಮೌನದೊಳಗೆ ಓಟಗಾರ್ತಿ ಗೋಪುರದ ಬುಡಕ್ಕೆ ನಡೆದುಹೋದಳು. ಕಾಲು ನೋಯುತ್ತಿತ್ತು, ಗಂಟಲು ಒಣಗಿತ್ತು, ಮಾತು ಗೊಗ್ಗರಾಗಿ ಬಂತು.

"ಸಾರುವಯ್ಯ, ನಮಗೆ ಒಂದೇ ಕರೆ ಆಗಿರೋದು. ಅವರಿಗೆ ಎರಡಾಯ್ತು. ನಮ್ಮ ಬಾಕಿ ಕರೀರಿ."

"ಅಲ್ಲಿ ಯಾರೂ ಇಲ್ಲ," ಎಂದ ದಳವಾಯಿ.

"ಇದ್ದಾಳೆ," ಎಂದ ಸಾರುವಯ್ಯ. ಹೆಸರಲ್ಲದ ಮಾತು ಅಷ್ಟು ಜನರ ಮುಂದೆ ಅವನ ಬಾಯಿಂದ ಬಂದದ್ದು ಆವತ್ತೇ ಮೊದಲು. ಒಮ್ಮೆ ಮುರಿದ ಕಟ್ಟಳೆಯನ್ನು ಇನ್ನು ಯಾರಿಗಾಗಿ ಕಾಯುವುದು ಎಂದು ಅವನಿಗೆ ಅನಿಸಿರಬೇಕು. ಅವನು ಹಲಗೆಯ ಮೇಲೆ ಒರಸಿದ ಜಾಗವನ್ನು ನೋಡಿದ. ಅಲ್ಲಿ ಬಳಪದ ಮಬ್ಬು ಇನ್ನೂ ಇತ್ತು. ಕರೆದ. "ಸೆಲೆನಾಡು."

ಬಯಲಿಗೆ ಬಯಲೇ ಅವಳ ಕಡೆ ತಿರುಗಿತು. ಏಳು ದಿನದಿಂದ ನೋಡದವರು ಈಗ ಕುತ್ತಿಗೆ ಉದ್ದ ಮಾಡಿಕೊಂಡು ನೋಡಿದರು. ಅವಳು ತುಟಿ ಬಿಗಿದು ನಿಂತಳು.

"ಅಂದ್ಬಿಡು ತಾಯಿ," ಎಂದು ಹಿಂದಿನಿಂದ ಕಲ್ಲೆತ್ತುವವನು ಪಿಸುಗುಟ್ಟಿದ. "ಎರ್ಡಾಯ್ತಲ್ಲ. ಹೊತ್ತು ಮುಳುಗ್ತಾ ಇದೆ. ಸಾಕು, ಅಂದ್ಬಿಡು."

ಸೂರ್ಯ ಕೋಟೆಯ ಗೋಡೆಯನ್ನು ಮುಟ್ಟಿತ್ತು. ಅವಳಿಗೆ ಭಯವಾಯಿತು. ಮಂಜಿನಲ್ಲಿ ಅಕ್ಕನ ಹಿಂದೆ ನಿಂತಿದ್ದಾಗ ಆದಷ್ಟೇ ಭಯ. ಒಂದು ಸಣ್ಣ ಓ ಅಂದರೆ ನಾಡು ಉಳಿಯುತ್ತದೆ. ಆದರೆ ಯಾವ ನಾಡು? ಎರಡನೆಯ ಕರೆಗೆ ಓಗೊಡುವ ನಾಡು ಸೆಲೆನಾಡಲ್ಲ, ಅದಕ್ಕೆ ಕೆಂಪು ಅಂಗಿ ತೊಟ್ಟಿದ್ದರೂ ಆಗುತ್ತಿತ್ತು. ಅವಳು ತಾತನ ಕಡೆ ನೋಡಿದಳು. ತಾತನ ಗಡ್ಡ ಅದುರುತ್ತಿತ್ತು, ಆದರೆ ಅವನು ಕಣ್ಣು ಮುಚ್ಚಿಕೊಂಡಿದ್ದ, ಕಾಯುತ್ತಿದ್ದ.

"ನೋಡಿದಿರಾ, ಈಗಲೂ ಓಗೊಡಲಿಲ್ಲ," ಎಂದ ದಳವಾಯಿ. "ಮುಗಿಯಿತು. ಹಲಗೆ ಒಳಗೆ ಒಯ್ಯಿರಿ."

ಸಾರುವಯ್ಯ ಹೊರಟುಹೋದ. ಗೋಪುರದ ಮೇಲೆ ಅವನು ಕಾಣಲಿಲ್ಲ. ಜನ ನಿಟ್ಟುಸಿರು ಬಿಟ್ಟರು. ಆಮೇಲೆ ಗೋಪುರದ ಒಳಗಿನ ಮೆಟ್ಟಿಲುಗಳ ಮೇಲೆ ಹೆಜ್ಜೆಯ ಸದ್ದು ಕೇಳಿತು, ನಿಧಾನವಾಗಿ, ಒಂದೊಂದೇ ಮೆಟ್ಟಿಲು. ಬುಡದ ಬಾಗಿಲು ತೆರೆಯಿತು. ಮುದುಕ ಹೊರಗೆ ಬಂದ. ಕೆಳಗೆ ನಿಂತಾಗ ಅವನು ಅಷ್ಟೇನೂ ಎತ್ತರವಿರಲಿಲ್ಲ. ಅವಳ ಮುಂದೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಬಂದು ನಿಂತು, ಏದುಸಿರು ಬಿಡುತ್ತ, ಮೂರನೆಯದನ್ನು ಕರೆದ. ಸಾರುವ ದನಿಯಲ್ಲಿ ಅಲ್ಲ. ಮನೆಯೊಳಗೆ ಮಲಗಿರುವವರನ್ನು ಎಬ್ಬಿಸುವ ದನಿಯಲ್ಲಿ.

"ಸೆಲೆನಾಡು."

"ಓ," ಎಂದಳು.

ಹನ್ನೊಂದು ದಿನ ಹದ ಮಾಡಿದ್ದ ಓ ಅದಲ್ಲ. ಅಡುಗೆ ಮನೆಯಿಂದ ಅವ್ವ ಕರೆದರೆ ಅನ್ನುವಂಥ ಓ. ಬಯಲಿನ ಕೊನೆಯ ಸಾಲಿನವರಿಗೆ ಅದು ಕೇಳಿಸಲೂ ಇಲ್ಲ, ಆದರೆ ಅವರೂ ಎದ್ದು ನಿಂತರು. ಸಾರುವಯ್ಯ ಬಳಪ ತೆಗೆದುಕೊಂಡು ಒರಸಿದ ಜಾಗದ ಮೇಲೆ ತಾನೇ ಬರೆದ. ಕಲ್ಲೆತ್ತುವವನು ತಾತನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಇಳಿಸೋ ಮಾರಾಯ, ಬೀಳ್ತೀನಿ ಎಂದು ತಾತ ಬೈಯುತ್ತಿದ್ದ.

ಹಾರ ತಂದರು. ಓಟಗಾರ್ತಿ ಕೊರಳು ಬಗ್ಗಿಸಲಿಲ್ಲ. ಅವಳು ದೊಡ್ಡನಾಡಿನ ಓಟಗಾರನ ಕಡೆ ನೋಡುತ್ತಿದ್ದಳು. ಅವನ ಸುತ್ತ ಜಾಗ ಖಾಲಿಯಾಗಿತ್ತು. ಕೆಂಪು ಅಂಗಿಯವರು ದೂರ ಸರಿದಿದ್ದರು, ದಳವಾಯಿ ಅವನ ಮೇಲೆ ಕಣ್ಣು ಹಾಯಿಸಿ ಅಲ್ಲಿ ಏನೂ ಇಲ್ಲವೆಂಬಂತೆ ಮುಖ ತಿರುಗಿಸಿದ. ಓಟಗಾರ ಇನ್ನೂ ಗೆರೆಯ ಹತ್ತಿರವೇ ನಿಂತಿದ್ದ, ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದೆ.

"ಸಾರುವಯ್ಯ," ಎಂದಳು, "ಅವನಿಗೆ ಎರಡೇ ಆಗಿರೋದು. ಇನ್ನೊಂದಿದೆ."

"ಅವನು ಓಗೊಡಲ್ಲ," ಎಂದ ದಳವಾಯಿ.

"ಎರಡಕ್ಕೆ ಯಾಕೆ ಓಗೊಡ್ಬೇಕು?" ಎಂದಳು. "ಕರೀರಿ."

ಸಾರುವಯ್ಯ ಈ ಸಲ ಕಣ್ಣು ಮುಚ್ಚಿಕೊಳ್ಳಲಿಲ್ಲ. ಹಲಗೆಯ ತುದಿಯನ್ನು ನೋಡಿದ. ಹಲಗೆಯ ಮೇಲೆ ಇದ್ದದ್ದನ್ನು ಓದುವುದು ಅವನ ಕಸುಬು, ಇಲ್ಲದ್ದನ್ನು ಸೇರಿಸುವುದು ಅವನಿಗೆ ಗೊತ್ತಿರಲಿಲ್ಲ. ಗೆರೆಯವರೆಗೆ ನಡೆದುಹೋಗಿ, ಒಂಟಿಯಾಗಿ ನಿಂತಿದ್ದವನ ಮುಂದೆ ನಿಂತು ಕರೆದ.

"ನಾಡು."

ಓಟಗಾರ ತಲೆ ಎತ್ತಿದ. ಯಾರು ಕರೆದರು ಎಂದು ನೋಡಿದ. ಯಾಕೆ ಕರೆದರು ಎಂದು ನೋಡಿದ. ಸಾಕಷ್ಟು ಹೊತ್ತು ತೆಗೆದುಕೊಂಡ. ಸೂರ್ಯ ಪೂರ್ತಿ ಮುಳುಗಿತ್ತು, ಯಾರೂ ಅವಸರ ಮಾಡಲಿಲ್ಲ.

"ಓ," ಎಂದ.